ಚಳಿ, ಬಿಸಿಲು, ಗಾಳಿಮಳೆ: ಬಯಲಲ್ಲಿ ಊದುವ ವಾದ್ಯ ನುಡಿಸುವವರಿಗೆ

ವಾದ್ಯದೊಳಕ್ಕೆ ನೀವು ಊದುವ ಉಸಿರು ಹೆಚ್ಚುಕಡಿಮೆ 34 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುತ್ತದೆ, ಜೊತೆಗೆ ತೇವದಿಂದ ತುಂಬಿರುತ್ತದೆ. ಹೊರಗಿನ ಗಾಳಿ ಇದಕ್ಕಿಂತ ಎಷ್ಟು ಬೇರೆಯಾಗಿದೆಯೋ ಅಷ್ಟು ತೊಂದರೆ ಹೆಚ್ಚು. ಶ್ರುತಿ ಜಾರುವುದು, ಮರ ಸೀಳುವುದು, ವಾಲ್ವ್ (ಬೆರಳಿನಿಂದ ಒತ್ತಿ ಗಾಳಿಯ ಹಾದಿ ಬದಲಿಸುವ ಭಾಗ) ಕಚ್ಚಿಕೊಳ್ಳುವುದು, ರೀಡ್ (ಊದಿದಾಗ ಅದುರುವ ತೆಳು ಪಟ್ಟಿ) ಮುರುಟುವುದು ಬಹುಮಟ್ಟಿಗೆ ಈ ಅಂತರದಿಂದಲೇ. ಆದ್ದರಿಂದ ಕೆಳಗೆ ಹೇಳಿರುವ ಹೆಚ್ಚಿನ ಕೆಲಸಗಳ ಉದ್ದೇಶ ಎರಡೇ: ಒಳಗಿಗೂ ಹೊರಗಿಗೂ ಇರುವ ಅಂತರ ತಗ್ಗಿಸುವುದು, ತಗ್ಗಿಸಲಾಗದಿದ್ದರೆ ಅದು ವಾದ್ಯಕ್ಕೆ ದಿಢೀರನೆ ತಟ್ಟದಂತೆ ನೋಡಿಕೊಳ್ಳುವುದು.

ಯಾವ ವಾದ್ಯ ಒಯ್ಯಬೇಕು

ಎಷ್ಟೇ ಎಚ್ಚರ ವಹಿಸಿದರೂ ಕೆಲವು ವಾದ್ಯಗಳನ್ನು ಕೆಲವು ಹವೆಯಲ್ಲಿ ಹೊರಗೆ ತೆಗೆಯಲೇಬಾರದು. ಮರದ ಕ್ಲಾರಿನೆಟ್, ಓಬೋ, ಮರದ ಪಿಕೊಲೊ ಈ ಪಟ್ಟಿಯ ಮೊದಲಿಗೆ ಬರುತ್ತವೆ. ಇವುಗಳಿಗೆ ಬಳಸುವ ಆಫ್ರಿಕನ್ ಬ್ಲ್ಯಾಕ್‌ವುಡ್ ಗಟ್ಟಿ ಮರ, ಆದರೆ ಹೊರಮೈ ತಣ್ಣಗೆ ಒಣಗಿರುವಾಗ ಒಳಕೊಳವೆಗೆ ಬಿಸಿ ತೇವದ ಉಸಿರು ತಗುಲಿದರೆ ಒಳಗಿನ ಪದರ ಉಬ್ಬುತ್ತದೆ, ಹೊರಪದರ ಹಿಗ್ಗಲಾರದೆ ಸೀಳುತ್ತದೆ. ಸೀಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಕ್ಲಾರಿನೆಟ್‌ನ ಮೇಲ್ಭಾಗದಲ್ಲಿ, ರಂಧ್ರದಿಂದ ರಂಧ್ರಕ್ಕೆ ಅಥವಾ ಕೀಗಳನ್ನು (ರಂಧ್ರ ಮುಚ್ಚಿ ತೆರೆಯುವ ಲೋಹದ ಸನ್ನೆಗಳನ್ನು) ಹಿಡಿದಿಡುವ ಕಂಬಗಳ ಬುಡದಲ್ಲಿ. ಉಸಿರು ಮೊದಲು ಮುಟ್ಟುವ ಜಾಗ ಅದೇ, ಮರ ಕೊರೆದು ಕೊರೆದು ತೆಳುವಾಗಿರುವುದೂ ಅಲ್ಲೇ. ಹವೆ 10 ಡಿಗ್ರಿಗಿಂತ ಕೆಳಗಿಳಿದರೆ ಮರದ ವಾದ್ಯ ಬೇಡ ಎಂಬುದು ನಮ್ಮ ಖಚಿತ ಸಲಹೆ. ಹೊಸ ವಾದ್ಯವಾದರೆ 15 ಡಿಗ್ರಿಗೇ ಗೆರೆ ಎಳೆದುಕೊಳ್ಳಿ. ನಾದದಲ್ಲಿ ಸ್ವಲ್ಪ ಕಳೆದುಕೊಂಡರೂ ಎಬಿಎಸ್ ಪ್ಲಾಸ್ಟಿಕ್‌ನ ವಾದ್ಯವನ್ನೇ ಕೊಂಡೊಯ್ಯಿರಿ.

ಪ್ಲಾಸ್ಟಿಕ್ ಸೀಳುವುದಿಲ್ಲ ನಿಜ, ಆದರೆ ಅದಕ್ಕೂ ಒಂದು ಸ್ವಭಾವವಿದೆ. ಚಳಿಯಲ್ಲಿ ಅದು ಲೋಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಕುಗ್ಗುತ್ತದೆ. 15 ಸೆಂಟಿಮೀಟರ್ ಉದ್ದದ ಕೀ ಸರಳಿನ ಲೆಕ್ಕ ಹಿಡಿದರೆ, 25 ಡಿಗ್ರಿ ಇಳಿದಾಗ ಪ್ಲಾಸ್ಟಿಕ್ ಮೈ ಸುಮಾರು 0.3 ಮಿಲಿಮೀಟರ್ ಕುಗ್ಗಿದರೆ ಸರಳು ಕುಗ್ಗುವುದು 0.06 ಮಾತ್ರ. ಕಂಬಗಳು ಎರಡೂ ಕಡೆಯಿಂದ ಸರಳನ್ನು ಅದುಮುತ್ತವೆ, ಕೀ ಒತ್ತಿದರೆ ಮೇಲೇಳುವುದೇ ಇಲ್ಲ. ಸ್ಪ್ರಿಂಗ್ ಸೋತಿದೆ ಎಂದುಕೊಂಡು ಅದನ್ನು ಬಗ್ಗಿಸಲು ಹೋಗಬೇಡಿ. ಚಳಿಯ ಕಾರ್ಯಕ್ರಮ ಮುಂದಿದ್ದರೆ ರಿಪೇರಿಯವರಿಗೆ ಮೊದಲೇ ಹೇಳಿ, ಉದ್ದದ ಸರಳುಗಳ ತುದಿಯಲ್ಲಿ ಕೂದಲೆಳೆಯಷ್ಟು ಸಡಿಲ ಬಿಡಿಸಿಕೊಳ್ಳಿ.

ಬಿದಿರಿನ ಕೊಳಲಿಗೆ ಚಳಿಗಿಂತ ಒಣಹವೆಯೇ ದೊಡ್ಡ ಶತ್ರು. ಅದು ನಾರಿನ ಉದ್ದಕ್ಕೆ, ಸಾಮಾನ್ಯವಾಗಿ ತುದಿಯಿಂದ ಶುರುವಾಗಿ ಬಿರಿಯುತ್ತದೆ. ಎರಡೂ ತುದಿಗೆ, ಊದುವ ರಂಧ್ರದ ಅಕ್ಕಪಕ್ಕಕ್ಕೆ ಗಟ್ಟಿ ನೂಲಿನ ಕಟ್ಟು ಬಿಗಿಯಾಗಿರಲಿ. ಕಟ್ಟನ್ನು ಉಗುರಿನಿಂದ ತಳ್ಳಿದರೆ ಜರುಗುತ್ತದೆ ಎಂದಾದರೆ ಬಿದಿರು ಆಗಲೇ ಒಣಗಿ ಕುಗ್ಗಿದೆ ಎಂದರ್ಥ. ಅದನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿ.

ಶ್ರುತಿ ಎಷ್ಟು ಜಾರುತ್ತದೆ

ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, 20 ಡಿಗ್ರಿಯಲ್ಲಿ 343 ಮೀಟರ್. ವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ಬದಲಾದರೆ ಶ್ರುತಿ ಸುಮಾರು 3 ಸೆಂಟ್ ಬದಲಾಗುತ್ತದೆ. ಒಂದು ಸ್ವರಸ್ಥಾನಕ್ಕೂ ಅದರ ಪಕ್ಕದ್ದಕ್ಕೂ 100 ಸೆಂಟ್ ಅಂತರ ಎಂಬುದನ್ನು ನೆನಪಿಟ್ಟರೆ, ಒಳಗಿನ ಗಾಳಿ 10 ಡಿಗ್ರಿ ತಣ್ಣಗಾದಾಗ ಕಿವಿಗೆ ಎಷ್ಟು ಕೆಡುತ್ತದೆ ಎಂದು ಅಂದಾಜಾಗುತ್ತದೆ. ಒಳಗಿನ ಗಾಳಿ ಪೂರ್ತಿ 20ರಿಂದ 0ಗೆ ಇಳಿದರೆ 440 ಹರ್ಟ್ಸ್‌ನ ಸ್ವರ 425ರ ಹತ್ತಿರ ಬಂದು ನಿಲ್ಲುತ್ತದೆ. ನಿಜದಲ್ಲಿ ಅಷ್ಟು ಇಳಿಯದಂತೆ ನಿಮ್ಮ ಉಸಿರೇ ಕಾಯುತ್ತದೆ. ಹಾಗಾಗಿಯೇ ಊದುವುದನ್ನು ನಿಲ್ಲಿಸಿದ ಎರಡು ಮೂರು ನಿಮಿಷಕ್ಕೆ ಶ್ರುತಿ ಕುಸಿಯುತ್ತದೆ.

ಹಿತ್ತಾಳೆ ಹಿಗ್ಗಿ ಶ್ರುತಿ ಕೆಡುತ್ತದೆ ಎಂಬ ಮಾತು ಕೇಳಿಬರುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ ಹಿತ್ತಾಳೆಯ ಉದ್ದ ಬದಲಾಗುವುದರಿಂದ ಆಗುವ ಪರಿಣಾಮ ಒಂದು ಸೆಂಟ್‌ಗಿಂತ ಕಡಿಮೆ, ಅದೂ ವಿರುದ್ಧ ದಿಕ್ಕಿನಲ್ಲಿ. ಲೆಕ್ಕಕ್ಕೆ ಬರುವುದು ಗಾಳಿಯೇ.

ಮೇಳದಲ್ಲಿ ನುಡಿಸುವವರು ಇನ್ನೊಂದನ್ನು ಗಮನಿಸಬೇಕು. ಬಿಸಿಲೇರಿದಂತೆ ಊದುವ ವಾದ್ಯಗಳ ಶ್ರುತಿ ಏರುತ್ತದೆ, ತಂತಿ ವಾದ್ಯಗಳದ್ದು ಇಳಿಯುತ್ತದೆ. ಚಳಿಯಲ್ಲಿ ಇದು ತಿರುವುಮುರುವು. ಕೀಬೋರ್ಡ್ ಮತ್ತು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾತ್ರ ಎಲ್ಲಿದ್ದವೋ ಅಲ್ಲೇ ಇರುತ್ತವೆ. ಬಯಲಲ್ಲಿ ಮೇಳದ ಶ್ರುತಿಯನ್ನು ಊದುವ ವಾದ್ಯದಿಂದ ಕೊಡುವುದೇ ಸರಿ, ಏಕೆಂದರೆ ತಂತಿಯನ್ನು ಎಷ್ಟಾದರೂ ತಿರುಗಿಸಬಹುದು, ಕೊಳವೆಯನ್ನು ಒಂದು ಮಿತಿಗಿಂತ ಕುಗ್ಗಿಸಲು ಬರುವುದಿಲ್ಲ. ಕೀಬೋರ್ಡ್ ಇದ್ದರೆ ಅದರ ಶ್ರುತಿಯನ್ನು 440 ಹರ್ಟ್ಸ್‌ನಿಂದ ಚಳಿಗೆ 436ಕ್ಕೋ ಬಿಸಿಲಿಗೆ 444ಕ್ಕೋ ಸರಿಸಿಕೊಳ್ಳಲಿ.

ಟ್ಯೂನಿಂಗ್ ಸ್ಲೈಡ್, ಅಂದರೆ ಶ್ರುತಿಗಾಗಿ ಒಳಹೊರಗೆ ಜರುಗಿಸುವ U ಆಕಾರದ ಕೊಳವೆ, ಎಷ್ಟು ಎಳೆಯಬೇಕು? 10 ಸೆಂಟ್ ಇಳಿಸಲು ಕೊಳವೆಯ ಉದ್ದ ಶೇಕಡಾ 0.58ರಷ್ಟು ಹೆಚ್ಚಬೇಕು. ಬಿ-ಫ್ಲ್ಯಾಟ್ ಟ್ರಂಪೆಟ್‌ನ ಕೊಳವೆ ಸುಮಾರು 137 ಸೆಂಟಿಮೀಟರ್, ಅಂದರೆ 8 ಮಿಲಿಮೀಟರ್ ಬೇಕು. ಸ್ಲೈಡ್ ಎರಡು ಕಾಲಿನದಾದ್ದರಿಂದ 4 ಮಿಲಿಮೀಟರ್ ಎಳೆದರೆ ಸಾಕು. ಐದೂವರೆ ಮೀಟರ್ ಕೊಳವೆಯ ಟ್ಯೂಬಾಗೆ ಅದೇ 10 ಸೆಂಟ್‌ಗೆ 16 ಮಿಲಿಮೀಟರ್ ಎಳೆಯಬೇಕು. ಮುಖ್ಯ ಸ್ಲೈಡ್ ಹೆಚ್ಚು ಎಳೆದಾಗ ಪ್ರತಿ ವಾಲ್ವ್‌ನ ಸ್ಲೈಡನ್ನೂ ಅದೇ ಅನುಪಾತದಲ್ಲಿ ಸ್ವಲ್ಪ ಎಳೆಯದಿದ್ದರೆ ವಾಲ್ವ್ ಒತ್ತಿ ನುಡಿಸುವ ಸ್ವರಗಳು ಏರಿಯೇ ಉಳಿಯುತ್ತವೆ.

ಕ್ಲಾರಿನೆಟ್‌ನಲ್ಲಿ ಬ್ಯಾರಲ್ (ಬಾಯಿಗಿಡುವ ಭಾಗದ ಕೆಳಗಿನ ಗಿಡ್ಡ ತುಂಡು) ಎಳೆದರೆ ಎಲ್ಲ ಸ್ವರಗಳೂ ಸಮನಾಗಿ ಇಳಿಯುವುದಿಲ್ಲ. ಕೊಳವೆಯ ಮೇಲ್ತುದಿಯಲ್ಲೇ ಹುಟ್ಟುವ ಸ್ವರಗಳಿಗೆ ಒಂದು ಮಿಲಿಮೀಟರ್ ದೊಡ್ಡ ಪಾಲು, ಉದ್ದಕ್ಕೂ ಮುಚ್ಚಿ ನುಡಿಸುವ ಸ್ವರಗಳಿಗೆ ಸಣ್ಣ ಪಾಲು. ಆದ್ದರಿಂದ 2 ಮಿಲಿಮೀಟರಿಗಿಂತ ಹೆಚ್ಚು ಬೇಕಾದರೆ ಬ್ಯಾರಲ್ ಮತ್ತು ಮಧ್ಯದ ಕೀಲು ಎರಡರಲ್ಲೂ ಹಂಚಿ ಎಳೆಯಿರಿ. ಚಳಿಗೆ 64, ಬಿಸಿಲಿಗೆ 67 ಮಿಲಿಮೀಟರ್ ಬ್ಯಾರಲ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೊಳಲಿಗೆ ಎಳೆಯುವ ಭಾಗವೇ ಇಲ್ಲ. ತುಟಿಯಿಂದ ರಂಧ್ರವನ್ನು ಸ್ವಲ್ಪ ಹೆಚ್ಚು ತೆರೆದು ಅಥವಾ ಮುಚ್ಚಿ 20 ಸೆಂಟ್‌ನಷ್ಟು ಹೊಂದಿಸಬಹುದು. ಅದಕ್ಕಿಂತ ಹೆಚ್ಚಾದರೆ ನಾದವೇ ಕೆಡುತ್ತದೆ, ಬೇರೆ ಕೊಳಲು ಕೈಗೆತ್ತಿಕೊಳ್ಳಿ.

2009ರ ಜನವರಿ 20ರಂದು ವಾಷಿಂಗ್ಟನ್‌ನಲ್ಲಿ ಬರಾಕ್ ಒಬಾಮ ಪ್ರಮಾಣವಚನ ಸ್ವೀಕರಿಸಿದ ಸಮಾರಂಭದಲ್ಲಿ ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೊಗಳ ನಾಲ್ವರ ಮೇಳವಿತ್ತು. ಹವೆ ಸೊನ್ನೆಗಿಂತ ಕೆಳಗಿದ್ದ ಕಾರಣ ಜನರಿಗೆ ಕೇಳಿಸಿದ್ದು ಎರಡು ದಿನ ಮೊದಲು ಮಾಡಿಟ್ಟ ಧ್ವನಿಮುದ್ರಣ. ಕ್ಲಾರಿನೆಟ್‌ನವರು ಆಂಟನಿ ಮಕ್‌ಗಿಲ್, ಚೆಲ್ಲೊ ಯೊ-ಯೊ ಮಾ. ಅಂಥವರೇ ಆ ನಿರ್ಧಾರ ಮಾಡಿದ್ದಾರೆಂದರೆ, ಹವೆ ಮೀರಿದಾಗ ನುಡಿಸಲಾಗದು ಎನ್ನಲು ಯಾರೂ ಸಂಕೋಚಪಡಬೇಕಿಲ್ಲ.

ಚಳಿಯಲ್ಲಿ

ವಾದ್ಯವನ್ನು ಬೆಚ್ಚಗೆ ಮಾಡುವ ಕ್ರಮ ಮರಕ್ಕೂ ಲೋಹಕ್ಕೂ ಬೇರೆ. ಲೋಹದ ವಾದ್ಯಕ್ಕೆ ನೇರವಾಗಿ ಉಸಿರು ಊದಬಹುದು. ಕಾರ್ಯಕ್ರಮಕ್ಕೆ ಐದು ನಿಮಿಷ ಮುಂಚಿನಿಂದ ಸ್ವರ ಹೊರಡಿಸದೆ, ಬಾಯಿ ಅಗಲಿಸಿ ಬೆಚ್ಚನೆ ಗಾಳಿಯನ್ನು ನಿಧಾನವಾಗಿ ಬಿಡಿ, ಒಂದೊಂದು ವಾಲ್ವನ್ನೂ ಸರದಿಯಂತೆ ಒತ್ತಿ ಹಿಡಿದು ಅದರ ಸುರುಳಿಗೂ ಗಾಳಿ ತಲುಪಿಸಿ. ಟ್ಯೂಬಾ, ಸೂಸಾಫೋನ್‌ಗಳಿಗೆ ಇದರ ಎರಡರಷ್ಟು ಹೊತ್ತು ಬೇಕು. ಅಷ್ಟುದ್ದ ಸಾಗುವ ಹೊತ್ತಿಗೆ ಉಸಿರು ತಣ್ಣಗಾಗಿಬಿಡುವುದರಿಂದ ಬೆಲ್‌ನ (ಅಗಲವಾಗಿ ತೆರೆದ ತುದಿಯ) ಕಡೆಯ ಅರ್ಧ ಏನು ಮಾಡಿದರೂ ಪೂರ್ತಿ ಬೆಚ್ಚಗಾಗದು. ಮರದ ವಾದ್ಯಕ್ಕೆ ಹೀಗೆ ಊದಲೇಬಾರದು. ಅದನ್ನು ಬಿಡಿಸಿ, ಮೇಲಿನ ತುಂಡನ್ನು ಕೋಟಿನೊಳಗೆ ಮೈಗೆ ಒತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಹೊರಮೈ ಮೊದಲು ಬೆಚ್ಚಗಾಗಬೇಕು, ಒಳಮೈ ಆಮೇಲೆ.

ಟ್ಯೂನಿಂಗ್ ಸ್ಲೈಡನ್ನು ತಣ್ಣಗಿರುವಾಗಲೇ ಒಳಗೆ ತಳ್ಳಿ ಶ್ರುತಿ ಸೇರಿಸುವುದು ಸಾಮಾನ್ಯ ತಪ್ಪು. ಐದು ನಿಮಿಷ ನುಡಿಸಿದೊಡನೆ ಶ್ರುತಿ ಮೇಲೇರಿ ಕೂತಿರುತ್ತದೆ. ಬೆಚ್ಚಗಾದ ಮೇಲೆ ನೋಡಿ, ಆಮೇಲೆ ಕೈ ಹಾಕಿ. ನುಡಿಸದೆ ಕಾಯುವ ಹೊತ್ತಿನಲ್ಲಿ ಎಲ್ಲ ರಂಧ್ರ ಮುಚ್ಚಿ ಮೆಲ್ಲಗೆ ಊದುತ್ತಿರಿ.

ಸೊನ್ನೆಗಿಂತ ಕೆಳಗೆ ಇಳಿದರೆ ಆಟವೇ ಬೇರೆ. ಪಿಸ್ಟನ್‌ಗೂ ಅದರ ಗೂಡಿಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅಲ್ಲಿ ಉಸಿರಿನ ತೇವ ಸೇರಿ ಮಂಜುಗಡ್ಡೆಯಾದರೆ ವಾಲ್ವ್ ನಿಂತಲ್ಲೇ ನಿಲ್ಲುತ್ತದೆ. ಹಳೆ ಎಣ್ಣೆಯನ್ನು ಪೂರ್ತಿ ಒರೆಸಿ, ತೆಳು ಸಿಂಥೆಟಿಕ್ ವಾಲ್ವ್ ಆಯಿಲ್ ಪ್ರತಿ ಪಿಸ್ಟನ್‌ಗೆ ನಾಲ್ಕೈದು ಹನಿ ಹಾಕಿ ಹೊರಡಿ. ದಪ್ಪ ಎಣ್ಣೆ ಚಳಿಯಲ್ಲಿ ಅಂಟಾಗುತ್ತದೆ. ನುಡಿಸದಿದ್ದಾಗಲೂ ಬೆರಳು ಆಡುತ್ತಿರಲಿ, ಎಡ ಅಂಗೈ ವಾಲ್ವ್ ಗೂಡನ್ನು ಅಪ್ಪಿಕೊಂಡಿರಲಿ. ನೀರನ್ನು ಎರಡು ಮೂರು ನಿಮಿಷಕ್ಕೊಮ್ಮೆ ಹೊರಬಿಡಿ. ಫ್ರೆಂಚ್ ಹಾರ್ನ್‌ನಂಥ ತಿರುಗು ವಾಲ್ವ್‌ಗಳಲ್ಲಿ ನೀರು ನಿಂತುಬಿಡುವುದರಿಂದ ಅವು ಬೇಗ ಕಚ್ಚಿಕೊಳ್ಳುತ್ತವೆ. ಟ್ರಾಂಬೋನಿನವರು ಸ್ಲೈಡಿಗೆ ನೀರು ಚಿಮುಕಿಸುವ ರೂಢಿಯನ್ನು ಆ ದಿನಕ್ಕೆ ಬಿಡಬೇಕು, ತೆಳು ಎಣ್ಣೆಯೇ ಸಾಕು.

ವಾಲ್ವ್ ನಿಂತೇಹೋದರೆ ಬಲ ಹಾಕಬೇಡಿ. ಎರಡೂ ಅಂಗೈಯಿಂದ ಗೂಡನ್ನು ಮುಚ್ಚಿ, ಒಂದು ನಿಮಿಷ ಬಿಸಿ ಉಸಿರು ಬಿಡಿ. ಆಗದಿದ್ದರೆ ಒಳಗೆ ಹೋಗಿ. ಲೈಟರ್ ಹಿಡಿಯುವುದು, ಬಿಸಿನೀರು ಸುರಿಯುವುದು ಬೆಸುಗೆಯನ್ನೂ ಲ್ಯಾಕರನ್ನೂ ಹಾಳುಮಾಡುತ್ತದೆ. ವಾಹನಗಳಿಗೆ ಹಾಕುವ ಆ್ಯಂಟಿಫ್ರೀಜ್ ವಿಷ. ಬಾಯಿಟ್ಟು ಉಸಿರೆಳೆಯುವ ವಾದ್ಯದ ಹತ್ತಿರಕ್ಕೂ ಅದನ್ನು ತರಬೇಡಿ.

ಲೋಹದ ಮೌತ್‌ಪೀಸ್ ತುಟಿಗೆ ಅಂಟುತ್ತದೆ, ತುಟಿಯ ತೇವವನ್ನು ಅದು ಕ್ಷಣದಲ್ಲಿ ಹೆಪ್ಪುಗಟ್ಟಿಸುವ ಕಾರಣ. ಪ್ಲಾಸ್ಟಿಕ್ ಮೌತ್‌ಪೀಸ್ ಇದಕ್ಕೆ ನೇರ ಪರಿಹಾರ. ಇಲ್ಲದಿದ್ದರೆ ನುಡಿಸದಾಗೆಲ್ಲ ಅದು ಒಳಜೇಬಿನಲ್ಲಿರಲಿ. ಅಂಟಿದ್ದನ್ನು ಕಿತ್ತರೆ ತುಟಿಯ ಚರ್ಮವೇ ಬರುತ್ತದೆ, ಉಗುರುಬೆಚ್ಚಗಿನ ನೀರು ಬಿಟ್ಟು ಬಿಡಿಸಿ. ಕೈಗೆ ಬೆರಳ ತುದಿ ಕತ್ತರಿಸಿದ ಗವಸು. ಸ್ಯಾಕ್ಸೊಫೋನ್, ಟ್ರಂಪೆಟ್‌ನವರು ತೆಳು ಗವಸು ತೊಟ್ಟೇ ನುಡಿಸಬಹುದು. ರಂಧ್ರವನ್ನು ಬೆರಳಿನಿಂದಲೇ ಮುಚ್ಚುವವರಿಗೆ ಆ ಸೌಕರ್ಯ ಇಲ್ಲ, ಅವರು ಬಿಡುವಿನಲ್ಲಿ ಕೈ ಬೆಚ್ಚಗಿಟ್ಟುಕೊಳ್ಳಲೇಬೇಕು.

ಗಾಳಿಗೆ ಬೆನ್ನು

ಕೊಳಲು, ಫ್ಲೂಟ್ ನುಡಿಸುವವರಿಗೆ ಬಿಸಿಲು ಚಳಿಗಿಂತ ಗಾಳಿಯ ಕಾಟವೇ ಹೆಚ್ಚು. ತುಟಿಯಿಂದ ಹೊರಟ ತೆಳು ಗಾಳಿಪಟ್ಟಿ ರಂಧ್ರದ ಎದುರಂಚಿಗೆ ತಗುಲಿ ಸ್ವರ ಹುಟ್ಟುತ್ತದೆ. ಈ ಹಾದಿ ಕೆಲವೇ ಮಿಲಿಮೀಟರ್, ಮುಚ್ಚಳವಿಲ್ಲದ್ದು. ಅಡ್ಡಗಾಳಿ ಅದನ್ನು ಅಂಚಿನಿಂದ ಪಕ್ಕಕ್ಕೆ ತಳ್ಳಿದೊಡನೆ ಸ್ವರ ಮಾಯ. ಜೋರಾಗಿ ಊದಿ ಗೆಲ್ಲಲು ನೋಡಿದರೆ ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ತಲೆಯೇ ಮರೆಯಾಗುತ್ತದೆ. ಅದಾಗದಿದ್ದರೆ ಕೊಳಲಿನ ಊದುವ ರಂಧ್ರವಿರುವ ತುದಿಯ ಕಡೆಯಿಂದ ಗಾಳಿ ಬರುವಂತೆ ತಿರುಗಿ. ಎದುರುಗಾಳಿ ಮತ್ತು ಕೊಳಲಿನ ತೆರೆದ ತುದಿಯಿಂದ ಕೊಳವೆಯ ಉದ್ದಕ್ಕೂ ಬೀಸುವ ಗಾಳಿ ಎರಡೂ ಕೆಟ್ಟವು. ವೇದಿಕೆ ಹಾಕುವವರಿಗೆ ಮೊದಲೇ ತಿಳಿಸಿದರೆ ಆಸನದ ದಿಕ್ಕು ಬದಲಿಸಬಹುದು, ಹಿಂಬದಿಗೆ ಪರದೆ ಕಟ್ಟಿಸಬಹುದು. ಊದುವ ರಂಧ್ರದ ಮೇಲೆ ಸಿಕ್ಕಿಸುವ ಸಣ್ಣ ಮರೆಗಳೂ ಇವೆ, ಅಭ್ಯಾಸವಾಗುವವರೆಗೆ ನಾದ ಸ್ವಲ್ಪ ಮಂಕೆನಿಸುತ್ತದೆ.

ಮೈಕಿಗೆ ಸ್ಪಂಜಿನ ಮೇಲೆ ತುಪ್ಪಳದ ಹೊದಿಕೆ ಬೇಕು, ಮಿಕ್ಸರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಲಿ. ಸ್ಯಾಕ್ಸೊಫೋನನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಎದ್ದು ಹೋಗಬೇಡಿ. ಹಾಳೆಗಳಿಗೆ ನಾಲ್ಕು ಕ್ಲಿಪ್, ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ. ಧೂಳಿನ ಗಾಳಿಯಲ್ಲಿ ವಾಲ್ವ್ ಹೊರಗೆಳೆಯುವುದು, ಸ್ಲೈಡಿಗೆ ಎಣ್ಣೆ ಹಚ್ಚುವುದು ಬೇಡವೇ ಬೇಡ. ಎಣ್ಣೆಗೆ ಹತ್ತಿದ ಒಂದು ಮರಳ ಕಣ ಸಾಕು ಗೂಡಿಗೆ ಗೀರು ಬೀಳಲು.

ಬಿಸಿಲಲ್ಲಿ

ಸ್ಯಾಕ್ಸೊಫೋನ್, ಕ್ಲಾರಿನೆಟ್‌ಗಳ ಪ್ಯಾಡ್‌ಗಳನ್ನು (ಕೀಗಳ ಅಡಿಯಲ್ಲಿ ರಂಧ್ರ ಮುಚ್ಚುವ ಮೆತ್ತೆಗಳನ್ನು) ಅರಗಿನಿಂದಲೋ ಬಿಸಿಗೆ ಕರಗುವ ಅಂಟಿನಿಂದಲೋ ಕೂರಿಸಿರುತ್ತಾರೆ. ಮುಚ್ಚಿದ ಕಾರಿನೊಳಗೆ ಬಿಸಿಲಲ್ಲಿಟ್ಟ ಕಪ್ಪು ಪೆಟ್ಟಿಗೆ ಆ ಅಂಟು ಮೆತ್ತಗಾಗುವಷ್ಟು ಕಾಯುತ್ತದೆ. ಪ್ಯಾಡ್ ಬಿದ್ದೇ ಹೋಗಬೇಕೆಂದಿಲ್ಲ, ಕೂದಲಷ್ಟು ಓರೆಯಾಗಿ ಕೂತರೂ ಗಾಳಿ ಸೋರಿ ಕೆಳಗಿನ ಸ್ವರಗಳು ಒಡೆಯುತ್ತವೆ. ಆದ್ದರಿಂದ ಕಾರಿನಲ್ಲಿ ವಾದ್ಯ ಬಿಟ್ಟು ಹೋಗಬೇಡಿ. ವೇದಿಕೆಯ ಬಳಿ ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿ. ನೆರಳಿಲ್ಲದಿದ್ದರೆ ವಾದ್ಯದ ಮೇಲೂ ಹೊದಿಸಿ.

ಕಪ್ಪು ಎಬೊನೈಟ್ (ಗಟ್ಟಿ ರಬ್ಬರ್) ಮೌತ್‌ಪೀಸ್ ಬಿಸಿಲಿಗೆ ಬಿದ್ದರೆ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಗಂಧಕದ ರುಚಿ ಬಿಡುತ್ತದೆ. ಬಿಸಿನೀರಿನಲ್ಲಿ ತೊಳೆದರೂ ಹಾಗೆಯೇ. ನುಡಿಸದಾಗ ಟೋಪಿ ಮುಚ್ಚಿಡಿ.

ಒಣಬಿಸಿಲಲ್ಲಿ ಜೊಂಡಿನ ರೀಡ್ ಐದಾರು ನಿಮಿಷಕ್ಕೇ ಒಣಗಿ ಅದರ ತುದಿ ಅಲೆಯಂತೆ ಸುಕ್ಕಾಗುತ್ತದೆ. ಊದಿದರೆ ಕೀಚಲು ದನಿ. ಹಾಗಾದಾಗ ಒತ್ತಿ ನೇರ ಮಾಡಲು ಹೋಗದೆ, ಒಂದೆರಡು ನಿಮಿಷ ನೀರಿನಲ್ಲಿ ನೆನೆಸಿ, ಚಪ್ಪಟೆ ಗಾಜಿನ ಮೇಲೆ ಬೆರಳಿನಿಂದ ಹಗುರಾಗಿ ಒತ್ತಿ. ಸುಕ್ಕು ಬಿಟ್ಟುಕೊಳ್ಳುತ್ತದೆ. ಬಯಲಿಗೆ ಮಾತ್ರ ಸಿಂಥೆಟಿಕ್ ರೀಡ್ ಇಟ್ಟುಕೊಳ್ಳುವುದು ಜಾಣತನ. ನಾಗಸ್ವರ, ಶೆಹನಾಯಿ, ಓಬೋದ ಜೋಡಿ ರೀಡುಗಳಿಗೆ ಒದ್ದೆ ಹತ್ತಿ ಹಾಕಿದ ಸಣ್ಣ ಡಬ್ಬಿ ಇರಲಿ, ನಾಲ್ಕೈದು ರೀಡುಗಳನ್ನು ಸರದಿಯಲ್ಲಿ ಬಳಸಿ.

ಫ್ಲೂಟ್‌ನವರಿಗೆ ಬೆವರಿನಿಂದ ತುಟಿಪಟ್ಟಿ ಜಾರುತ್ತದೆ. ಅಲ್ಲಿಗೆ ಒಂದು ಅಂಚೆಚೀಟಿಯನ್ನೋ ಕಾಗದದ ಟೇಪಿನ ತುಂಡನ್ನೋ ಅಂಟಿಸುವುದು ಹಳೆಯ, ಚೆನ್ನಾಗಿ ಕೆಲಸ ಮಾಡುವ ಉಪಾಯ.

ಬಿಸಿಲಲ್ಲಿ ನುಡಿಸುವವರ ದೇಹದ ಬಗ್ಗೆ ಹೇಳದೆ ಬಿಡುವಂತಿಲ್ಲ. 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿಲೀಟರ್ ನೀರು ಕುಡಿಯಿರಿ. ಬಾಯಾರಿಕೆಗೆ ಕಾಯಬೇಡಿ. ಸಿಹಿ ಪಾನೀಯ ಕುಡಿದರೆ ಬಾಯಿ ಮುಕ್ಕಳಿಸಿಯೇ ವಾದ್ಯ ಹಿಡಿಯಿರಿ, ಸಕ್ಕರೆ ಪ್ಯಾಡಿಗೆ ಹತ್ತಿದರೆ ಕೀ ಅಂಟುತ್ತದೆ. ಬಹಳ ಹೊತ್ತು ನಿಲ್ಲುವಾಗ ಮಂಡಿಯನ್ನು ಬಿಗಿ ಹಿಡಿಯಬೇಡಿ, ತಲೆಗೆ ರಕ್ತ ಕಡಿಮೆಯಾಗಿ ಬೀಳುವವರು ಹೀಗೆಯೇ ಬೀಳುತ್ತಾರೆ. ಮಾತು ತೊದಲುವುದು, ಗೊಂದಲ, ಎಚ್ಚರ ತಪ್ಪುವುದು ಕಂಡರೆ ಅದು ಬಿಸಿಲಾಘಾತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿಯುತ್ತಾ, ತಕ್ಷಣ ಆಂಬ್ಯುಲೆನ್ಸ್ ಕರೆಸಿ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಮೆರವಣಿಗೆಯ ತಾಲೀಮನ್ನು ಮೊದಲ ದಿನವೇ ಪೂರ್ತಿ ಹೊತ್ತು ಇಡಬಾರದು.

ಮಳೆ, ಸಿಡಿಲು

ಸಿಡಿಲಿನ ಲೆಕ್ಕ ಸರಳ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ನುಡಿಸುವುದು ನಿಲ್ಲಿಸಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ಶಾಮಿಯಾನ ರಕ್ಷಣೆಯಲ್ಲ.

ಹಿತ್ತಾಳೆ ವಾದ್ಯಕ್ಕೆ ಮಳೆಯಿಂದ ದೊಡ್ಡ ಅಪಾಯವಿಲ್ಲ, ಬೆಲ್ ಕೆಳಗೆ ಬಾಗಿಸಿ ನೀರು ಚೆಲ್ಲಿದರಾಯಿತು. ಪ್ಯಾಡ್ ಇರುವ ವಾದ್ಯಗಳದ್ದೇ ಚಿಂತೆ. ಚರ್ಮದ ಪ್ಯಾಡ್ ನೆನೆದು ಉಬ್ಬುತ್ತದೆ, ಒಣಗುವಾಗ ಬಿರುಸಾಗಿ ಕುಗ್ಗುತ್ತದೆ, ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ನೆನೆದ ಕೂಡಲೇ ಹೀರುಕಾಗದವನ್ನು ಪ್ಯಾಡಿಗೂ ರಂಧ್ರಕ್ಕೂ ನಡುವೆ ಇಟ್ಟು, ಕೀಯನ್ನು ಹಗುರಾಗಿ ಒತ್ತಿ, ಐದು ಎಣಿಸಿ, ಕೀ ಎತ್ತಿದ ಮೇಲೆ ಕಾಗದ ತೆಗೆಯಿರಿ. ಒತ್ತಿ ಹಿಡಿದೇ ಕಾಗದ ಎಳೆದರೆ ಪ್ಯಾಡಿನ ತೆಳು ಪೊರೆ ಹರಿಯುತ್ತದೆ. ಕಾಗದ ಒಣಗಿದ್ದು ಬರುವವರೆಗೆ ಜಾಗ ಬದಲಿಸಿ ಮಾಡಿ. ಪೌಡರ್ ಹಚ್ಚಬೇಡಿ, ಅದು ತೇವದೊಂದಿಗೆ ಸೇರಿ ಕಲಸಿದ ಹಿಟ್ಟಿನಂತಾಗುತ್ತದೆ.

ಒಳಗೆ ತಂದ ಮೇಲೆ

ಹೆಚ್ಚಿನ ಹಾನಿ ಆಗುವುದು ನುಡಿಸಿ ಮುಗಿದ ಮೇಲೆ. ತಣ್ಣನೆ ವಾದ್ಯವನ್ನು ಬೆಚ್ಚನೆ ಕೋಣೆಗೆ ತಂದು ಪೆಟ್ಟಿಗೆ ತೆರೆದರೆ ಗಾಳಿಯ ತೇವವೆಲ್ಲ ಅದರ ಮೈಮೇಲೆ ಹನಿಯಾಗುತ್ತದೆ. ಎಸಿ ಕೋಣೆಯಿಂದ ಸೆಕೆಯ ಬಯಲಿಗೆ ತಂದಾಗಲೂ ಇದೇ. ಪೆಟ್ಟಿಗೆ ಮುಚ್ಚಿಯೇ ಅರ್ಧ ಗಂಟೆ ಬಿಡಿ, ಆಮೇಲೆ ತೆರೆಯಿರಿ. ಮನೆಗೆ ಹೊರಡುವ ಮುಂಚೆ ಒಳಕೊಳವೆಗೆ ಬಟ್ಟೆ ಎಳೆದು ಒಣಗಿಸಿರಿ, ರೀಡ್ ಬಿಚ್ಚಿ ಅದರ ಡಬ್ಬಿಗೆ ಹಾಕಿರಿ. ಒದ್ದೆ ಬಟ್ಟೆಯನ್ನು ಅದೇ ಪೆಟ್ಟಿಗೆಯಲ್ಲಿ ಇಡಬೇಡಿ. ಉಕ್ಕಿನ ಸೂಜಿ ಸ್ಪ್ರಿಂಗ್‌ಗಳ ಬುಡಕ್ಕೆ ಸೂಜಿಮೊನೆಯಿಂದ ಒಂದೊಂದು ಚುಕ್ಕೆ ಎಣ್ಣೆ ಮುಟ್ಟಿಸಿದರೆ ತುಕ್ಕು ಹಿಡಿಯದು.

ಮರದ ವಾದ್ಯವನ್ನು ಮರುದಿನ ಬೆಳಕಿನಲ್ಲಿ ನೋಡಿ. ಕೀಲುಗಳ ಲೋಹದ ಉಂಗುರ ಬೆರಳಿಗೆ ತಿರುಗುತ್ತಿದ್ದರೆ ಮರ ಒಣಗಿ ಕುಗ್ಗಿದೆ, ಸೀಳು ಬರುವ ಮುಂಚಿನ ಸೂಚನೆ ಅದು. ಪೆಟ್ಟಿಗೆಯಲ್ಲಿ ಶೇಕಡಾ 50ರ ಆಸುಪಾಸಿನ ತೇವ ಕಾಯುವ ಪೊಟ್ಟಣ ಇಟ್ಟು ಒಂದು ವಾರ ನುಡಿಸದೆ ಬಿಡಿ, ಉಂಗುರ ತಾನೇ ಬಿಗಿಯಾಗುತ್ತದೆ. ತೇವದಲ್ಲಿ ಉಬ್ಬಿ ಕೀಲು ಬಿಚ್ಚದೆ ಹೋದರೆ ತಿರುಚಿ ಎಳೆಯಬೇಡಿ, ಒಣಕೋಣೆಯಲ್ಲಿ ರಾತ್ರಿಯಿಡೀ ಬಿಡಿ. ಕೂದಲೆಳೆ ಸೀಳು ಕಂಡರೆ ಊದುವುದನ್ನು ಅಲ್ಲಿಗೇ ನಿಲ್ಲಿಸಿ. ಸೀಳಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ರಿಪೇರಿಯವರಿಗೆ ಕೊಡಿ, ಮರ ಒಗ್ಗಿಕೊಂಡಾಗ ಅದು ಕಣ್ಣಿಗೆ ಕಾಣದಂತೆ ಮುಚ್ಚಿಕೊಂಡಿರಬಹುದು.